ಮುತ್ತುಸ್ವಾಮಿ ದೀಕ್ಷಿತರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಛೇರಿ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ, ಸಂಗೀತ ಪಾಠದ ಬಿಡುವಿನಲ್ಲಿ, ಮಕ್ಕಳನ್ನು ಪಾಠಕ್ಕೆ ಸೇರಿಸಿದ ತಂದೆತಾಯಂದಿರ ಬಾಯಲ್ಲಿ ದೀಕ್ಷಿತರ ಬಗ್ಗೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಿಗೆ ಇಲ್ಲಿ ಉತ್ತರವಿದೆ. ಉತ್ತರದ ಜೊತೆ ನನ್ನ ಇಷ್ಟಾನಿಷ್ಟಗಳೂ ಬೆರೆತಿವೆ. ಅವನ್ನು ಸೋಸಿಕೊಳ್ಳುವ ಕೆಲಸ ಓದುಗರದು.

ದೀಕ್ಷಿತರು ಯಾರು?

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ವಯಸ್ಸಿನಲ್ಲಿ ಕಿರಿಯರು. ಶ್ಯಾಮಾ ಶಾಸ್ತ್ರಿಗಳು (1762–1827), ತ್ಯಾಗರಾಜರು (1767–1847) ಮತ್ತು ದೀಕ್ಷಿತರು ಮೂವರೂ ಹುಟ್ಟಿದ್ದು ಕಾವೇರಿ ಬಯಲಿನ ತಿರುವಾರೂರಿನಲ್ಲಿ. ಉಳಿದಿಬ್ಬರು ತೆಲುಗನ್ನು ನೆಚ್ಚಿಕೊಂಡರೆ ದೀಕ್ಷಿತರು ಬಹುಪಾಲು ಸಂಸ್ಕೃತದಲ್ಲಿ ಬರೆದರು. ಅವರು ವೈಣಿಕರು, ಶ್ರೀವಿದ್ಯೆಯ, ಅಂದರೆ ದೇವಿಯನ್ನು ಶ್ರೀಚಕ್ರದಲ್ಲಿ ಆರಾಧಿಸುವ ಪಂಥದ, ಉಪಾಸಕರು. ಜೀವಮಾನವಿಡೀ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದವರು. ನಡೆದ ಊರಿನ ದೇವರು, ತೀರ್ಥ, ಸ್ಥಳವೃಕ್ಷ ಇವೆಲ್ಲ ಅವರ ಸಾಹಿತ್ಯದಲ್ಲಿ ದಾಖಲಾಗಿವೆ. ಅವರ ಕೃತಿಗಳನ್ನೇ ಹಿಡಿದುಕೊಂಡು ತಮಿಳುನಾಡಿನ ದೇವಾಲಯಗಳ ಯಾತ್ರೆ ಮಾಡಬಹುದು.

ಹುಟ್ಟಿದ್ದು 1775ರಲ್ಲೋ 1776ರಲ್ಲೋ?

ಪುಸ್ತಕಗಳಲ್ಲಿ ಎರಡೂ ಸಿಗುತ್ತವೆ. ಮನೆತನದ ಹೇಳಿಕೆಯ ಪ್ರಕಾರ ಮನ್ಮಥ ಸಂವತ್ಸರ, ಪಂಗುನಿ ಮಾಸ, ಕೃತ್ತಿಕಾ ನಕ್ಷತ್ರ. ಗೊಂದಲದ ಮೂಲ ಇಲ್ಲಿಯೇ ಇದೆ. ಮನ್ಮಥ ಸಂವತ್ಸರ ಆರಂಭವಾದದ್ದು 1775ರ ಏಪ್ರಿಲ್‌ನಲ್ಲಿ. ಪಂಗುನಿ ಆ ವರ್ಷದ ಕೊನೆಯ ತಿಂಗಳು. ಬೆರಳೆಣಿಸಿ ನೋಡಿದರೆ 1776ರ ಮಾರ್ಚ್‌ಗೆ ಬರುತ್ತದೆ. ಸಂವತ್ಸರದ ಮೊದಲ ಇಸವಿಯನ್ನೇ ಹಿಡಿದವರು 1775 ಎಂದು ಬರೆದುಬಿಟ್ಟರು, ಅದೇ ಹೆಚ್ಚು ಪ್ರಚಾರಕ್ಕೂ ಬಂತು. ಅವರು ತೀರಿಕೊಂಡ 1835ರ ದೀಪಾವಳಿಯೂ ಮತ್ತೊಂದು ಮನ್ಮಥ ಸಂವತ್ಸರದಲ್ಲೇ ಬಿದ್ದಿತು.

‘ಗುರುಗುಹ’ ಎಂಬ ಅಂಕಿತ ಎಲ್ಲಿಂದ ಬಂತು?

ತಂದೆ ರಾಮಸ್ವಾಮಿ ದೀಕ್ಷಿತರಿಗೆ ಬಹುಕಾಲ ಮಕ್ಕಳಿರಲಿಲ್ಲ. ವೈತೀಶ್ವರನ್ ಕೋಯಿಲ್‌ನಲ್ಲಿ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನಿಗೆ ಅಲ್ಲಿನ ಮುತ್ತುಕುಮಾರಸ್ವಾಮಿಯ ಹೆಸರಿಟ್ಟರು. ಮುಂದೆ ತಿರುತ್ತಣಿಯಲ್ಲಿ ಸುಬ್ರಹ್ಮಣ್ಯನೇ ವೃದ್ಧನ ರೂಪದಲ್ಲಿ ಬಂದು ಬಾಯಿಗೆ ಕಲ್ಲುಸಕ್ಕರೆ ಹಾಕಿದ, ಆಗ ಮಾಯಾಮಾಳವಗೌಳದಲ್ಲಿ ‘ಶ್ರೀನಾಥಾದಿ ಗುರುಗುಹೋ ಜಯತಿ’ ಹೊರಟಿತು ಎಂಬುದು ಪ್ರಸಿದ್ಧ ಕಥೆ. ಗುಹ ಎಂದರೆ ಸುಬ್ರಹ್ಮಣ್ಯ. ಅವನೇ ಗುರುವೂ ಆದದ್ದರಿಂದ ಗುರುಗುಹ. ಕಥೆಯನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ರಾಗದ ಆಯ್ಕೆಯನ್ನು ಮಾತ್ರ ಗಮನಿಸಿ: ಪುರಂದರದಾಸರ ಕಾಲದಿಂದ ಬಂದಿದೆ ಎನ್ನುವ ಸರಳೆ, ಜಂಟಿವರಿಸೆಗಳ ರಾಗ ಅದು. ಮಕ್ಕಳು ಸ್ವರ ಹಿಡಿಯಲು ಕಲಿಯುವ ರಾಗದಲ್ಲಿಯೇ ದೀಕ್ಷಿತರೂ ಬಾಯಿ ತೆರೆದರು.

ಕಾಶಿಗೆ ಹೋಗಿದ್ದರಂತೆ, ನಿಜವೇ?

ನಿಜ. ಕುಟುಂಬ ಮದರಾಸಿನ ಬಳಿಯ ಮಣಲಿಗೆ ಹೋಗಿ ಅಲ್ಲಿನ ಮುದಲಿಯಾರರ ಆಶ್ರಯದಲ್ಲಿತ್ತು. ಆ ಮನೆಗೆ ಬಂದ ಚಿದಂಬರನಾಥ ಯೋಗಿಗಳು ತರುಣ ಮುತ್ತುಸ್ವಾಮಿಯನ್ನು ತಮ್ಮೊಡನೆ ಕಾಶಿಗೆ ಕರೆದೊಯ್ದರು. ಅಲ್ಲಿ ಕೆಲವು ವರ್ಷ ವೇದಾಂತ, ಶ್ರೀವಿದ್ಯೆ, ಸಂಗೀತ ಎಲ್ಲವೂ ನಡೆದವು. ಗಂಗೆಯಲ್ಲಿ ಮುಳುಗೆದ್ದಾಗ ಕೈಗೆ ವೀಣೆ ಸಿಕ್ಕಿತು ಎಂಬ ಐತಿಹ್ಯವೂ ಅಲ್ಲಿಯದೇ.

ಕಾಶಿ ಅವರ ಕಿವಿಯನ್ನು ಬದಲಿಸಿತು. ಹಿಂದೂಸ್ತಾನಿಯ ಜೈಜೈವಂತಿ ಅವರಲ್ಲಿ ದ್ವಿಜಾವಂತಿಯಾಗಿ ‘ಚೇತಃ ಶ್ರೀ ಬಾಲಕೃಷ್ಣಂ’ ಕೃತಿಯಲ್ಲಿ ನೆಲೆಸಿತು. ಹಮೀರ್ ಕಲ್ಯಾಣಿಯಲ್ಲಿ ‘ಪರಿಮಳ ರಂಗನಾಥಂ’, ಯಮುನಾ ಕಲ್ಯಾಣಿಯಲ್ಲಿ ‘ಜಂಬೂಪತೇ’, ಬೃಂದಾವನ ಸಾರಂಗದಲ್ಲಿ ‘ರಂಗಪುರವಿಹಾರ’ ಬಂದವು. ರಾಗಗಳ ಹೆಸರಿಗಿಂತಲೂ ಮುಖ್ಯವಾದ ಸಾಲ ಬೇರೊಂದಿದೆ ಎಂದು ನನಗೆ ಅನ್ನಿಸುತ್ತದೆ. ಧ್ರುಪದ್ ಗಾಯಕರಂತೆ ಒಂದು ಸ್ವರದ ಮೇಲೆ ನಿಂತು ಮುಂದಿನದಕ್ಕೆ ಹೋಗಲು ಅವಸರಪಡದ ಆ ನಿಧಾನ ಅವರದಾಯಿತು. ‘ಜಂಬೂಪತೇ’ಯನ್ನು ಯಾರಾದರೂ ಓಡಿಸಿ ಹಾಡಿದರೆ ಅದರ ನೀರೆಲ್ಲ ಚೆಲ್ಲಿಹೋಗುತ್ತದೆ. ಪಂಚಭೂತಗಳಲ್ಲಿ ಅಪ್ಪು ಲಿಂಗದ, ಅಂದರೆ ನೀರಿನ ಲಿಂಗದ, ಕೃತಿ ಅದು, ಕ್ಷೇತ್ರ ತಿರುವಾನೈಕ್ಕಾವಲ್.

ದೀಕ್ಷಿತರು ತ್ಯಾಗರಾಜರನ್ನು ಹೊಗಳಿ ಅಷ್ಟೊಂದು ಕೃತಿ ರಚಿಸಿದ್ದು ಏಕೆ?

ರಚಿಸಿಲ್ಲ. ಇದು ಬಹಳ ಜನ ಎಡವುವ ಕಡೆ. ‘ತ್ಯಾಗರಾಜ’ ಎಂಬುದು ತಿರುವಾರೂರಿನ ಶಿವನ, ಅಂದರೆ ಅಲ್ಲಿನ ಸೋಮಾಸ್ಕಂದ ಮೂರ್ತಿಯ, ಹೆಸರು. ಅದೇ ಊರಿನಲ್ಲಿ ಹುಟ್ಟಿದ ವಾಗ್ಗೇಯಕಾರರಿಗೂ (ಸಾಹಿತ್ಯ, ಸಂಗೀತ ಎರಡನ್ನೂ ತಾವೇ ರಚಿಸುವವರು) ಆ ದೇವರ ಹೆಸರನ್ನೇ ಇಟ್ಟಿದ್ದರು. ದೀಕ್ಷಿತರ ಕೃತಿಗಳಲ್ಲಿರುವುದು ದೇವರು.

ಆ ಕೃತಿಗಳಲ್ಲೊಂದರ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಆನಂದಭೈರವಿಯ ‘ತ್ಯಾಗರಾಜ ಯೋಗ ವೈಭವಂ’ ಪಲ್ಲವಿಯಲ್ಲಿ ಪದ ಮುಂಭಾಗದಿಂದ ಸವೆಯುತ್ತಾ ಹೋಗುತ್ತದೆ: ತ್ಯಾಗರಾಜ ಯೋಗ ವೈಭವಂ, ಅಗರಾಜ ಯೋಗ ವೈಭವಂ, ರಾಜ ಯೋಗ ವೈಭವಂ, ಯೋಗ ವೈಭವಂ, ವೈಭವಂ, ಭವಂ, ವಂ. ಹಸುವಿನ ಬಾಲದಂತೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಶಾಸ್ತ್ರದಲ್ಲಿ ಇದಕ್ಕೆ ಗೋಪುಚ್ಛ ಯತಿ ಎಂದೇ ಹೆಸರು. ಚರಣದಲ್ಲಿ ಇದರ ಪ್ರತಿಬಿಂಬ: ಶಂ, ಪ್ರಕಾಶಂ, ಸ್ವರೂಪ ಪ್ರಕಾಶಂ, ತತ್ತ್ವ ಸ್ವರೂಪ ಪ್ರಕಾಶಂ, ಸಕಲ ತತ್ತ್ವ ಸ್ವರೂಪ ಪ್ರಕಾಶಂ ಎಂದು ಹೊಳೆ ಅಗಲವಾಗುತ್ತಾ ಹೋಗುತ್ತದೆ. ಇದು ಸ್ರೋತೋವಹ ಯತಿ. ಬೇರೆಯವರ ಕೈಯಲ್ಲಿ ಇದು ಚಿತ್ರಕವಿತ್ವದ ಕಸರತ್ತಾಗುತ್ತಿತ್ತು. ಇಲ್ಲಿ ಪ್ರತಿ ತುಂಡಿಗೂ ಅರ್ಥವಿದೆ, ಪ್ರತಿ ತುಂಡೂ ರಾಗದ ಒಂದು ಹಿಡಿಯಾಗಿದೆ. ಕೇಳುಗನಿಗೆ ಲೆಕ್ಕ ಗೊತ್ತಾಗದೇ ಇದ್ದರೂ ಏನೋ ಕರಗಿತು, ಮತ್ತೆ ತುಂಬಿಕೊಂಡಿತು ಎಂಬುದು ತಿಳಿಯುತ್ತದೆ.

‘ವಾತಾಪಿ ಗಣಪತಿಂ’ ನಮ್ಮ ಬಾದಾಮಿಯ ಗಣಪತಿಯೇ?

ಕನ್ನಡಿಗರಿಗೆ ಈ ಪ್ರಶ್ನೆ ಕೇಳದೇ ಇರಲು ಆಗುವುದಿಲ್ಲ. ವಾತಾಪಿ ಎಂದರೆ ಬಾದಾಮಿ, ಚಾಲುಕ್ಯರ ರಾಜಧಾನಿ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಅದನ್ನು ಗೆದ್ದ. ಅವನ ಸೇನಾಪತಿ ಪರಂಜೋತಿ ಅಲ್ಲಿಂದ ಗಣಪತಿಯನ್ನು ಒಯ್ದು ತನ್ನ ಊರಾದ ತಿರುಚ್ಚೆಂಗಾಟ್ಟಂಗುಡಿಯಲ್ಲಿ ನೆಲೆಗೊಳಿಸಿದ ಎಂದು ತಮಿಳುನಾಡಿನಲ್ಲಿ ಹೇಳುತ್ತಾರೆ.

ಆದರೆ ಸಾಹಿತ್ಯವನ್ನೇ ಕೇಳಿ ನೋಡಿ. ಯುದ್ಧದ ಸುಳಿವು ಒಂದು ಅಕ್ಷರವೂ ಇಲ್ಲ. ‘ಪುರಾ ಕುಂಭಸಂಭವ ಮುನಿವರ ಪ್ರಪೂಜಿತಂ’ ಎಂದಿದೆ. ಕುಂಭಸಂಭವ ಎಂದರೆ ಅಗಸ್ತ್ಯ, ವಾತಾಪಿ ಎಂಬ ಅಸುರನನ್ನು ಅರಗಿಸಿಕೊಂಡವನು. ‘ಮೂಲಾಧಾರ ಕ್ಷೇತ್ರಸ್ಥಿತಂ’ ಎಂದೂ ಇದೆ, ತಿರುವಾರೂರನ್ನು ಮೂಲಾಧಾರ ಕ್ಷೇತ್ರವೆಂದು ಕರೆಯುತ್ತಾರೆ. ಅಂದರೆ ದೀಕ್ಷಿತರ ಕಣ್ಣ ಮುಂದಿದ್ದದ್ದು ಪುರಾಣ, ಯೋಗ ಮತ್ತು ತಮ್ಮೂರಿನ ಗುಡಿ. ಬಾದಾಮಿಯ ನಂಟು ಹೆಸರಿನಲ್ಲಿದೆ, ಅಷ್ಟನ್ನು ನಾವು ಹೆಮ್ಮೆಯಿಂದ ಇಟ್ಟುಕೊಳ್ಳಬಹುದು.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಸಂಗತಿಯೂ ಈ ಕೃತಿಯಲ್ಲಿದೆ. ಪಲ್ಲವಿ ‘ವಾತಾಪಿ’, ಅನುಪಲ್ಲವಿ ‘ಭೂತಾದಿ’, ಮುಂದೆ ‘ವೀತರಾಗಿಣಂ’. ಎರಡನೆಯ ಅಕ್ಷರ ಪ್ರತಿ ಸಲವೂ ತಕಾರ. ಹಳಗನ್ನಡ ಕಾವ್ಯ ಓದಿದವರಿಗೆ ಇದು ಮನೆಯ ಪ್ರಾಸ. ಕೊನೆಗೆ ‘ಹಂಸಧ್ವನಿ ಭೂಷಿತ ಹೇರಂಬಂ’ ಎಂದು ರಾಗದ ಹೆಸರನ್ನೂ ನೇಯ್ದಿದ್ದಾರೆ. ಹಂಸಧ್ವನಿಯನ್ನು ಕಟ್ಟಿದವರು ತಂದೆ ರಾಮಸ್ವಾಮಿ ದೀಕ್ಷಿತರು. ಮಗ ತಂದೆಯ ರಾಗವನ್ನು ಗಣಪತಿಗೆ ಆಭರಣವಾಗಿ ತೊಡಿಸಿದ ಎಂದು ಓದಿಕೊಂಡರೆ ಆ ಸಾಲು ಬೇರೆಯೇ ಕೇಳಿಸುತ್ತದೆ. ಇಂದು ವೇದಿಕೆಯಲ್ಲಿ ಸರಸರನೆ ಏರುವ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ರೂಪಗಳು, ಬಹುಮಟ್ಟಿಗೆ ನಂತರದವರು ಸೇರಿಸಿದ್ದು.

ದೀಕ್ಷಿತರದ್ದು ನಾರಿಕೇಳ ಪಾಕ ಎನ್ನುತ್ತಾರಲ್ಲ, ಅಷ್ಟು ಕಷ್ಟವೇ?

ತ್ಯಾಗರಾಜರದ್ದು ದ್ರಾಕ್ಷಾ ಪಾಕ, ಶ್ಯಾಮಾ ಶಾಸ್ತ್ರಿಗಳದ್ದು ಕದಳೀ ಪಾಕ, ದೀಕ್ಷಿತರದ್ದು ತೆಂಗಿನಕಾಯಿ, ಒಡೆದೇ ತಿನ್ನಬೇಕು. ಈ ಮಾತು ಎಷ್ಟು ಸವೆದಿದೆಯೆಂದರೆ ಕಾರ್ಯಕ್ರಮ ನಿರೂಪಕರು ನಿದ್ದೆಯಲ್ಲೂ ಹೇಳುತ್ತಾರೆ. ನನಗೆ ಇದರ ಮೇಲೆ ಸಣ್ಣ ಸಿಟ್ಟಿದೆ. ಕೇಳುವ ಮೊದಲೇ ಕೇಳುಗನನ್ನು ಹೆದರಿಸಿ ಕಳುಹಿಸುವ ಮಾತು ಇದು.

ಕಷ್ಟ ಇರುವುದು ಸಂಸ್ಕೃತದ ಸಮಾಸಗಳಲ್ಲಿ, ಒಪ್ಪೋಣ. ಆದರೆ ಆ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದಲ್ಲಿ ನಾವು ದಿನವೂ ಬಳಸುವಂಥವು. ಕರುಣಾ, ಕಟಾಕ್ಷ, ಪ್ರಕಾಶ, ಸೇವಿತ, ಪೂಜಿತ ಎಂಬ ಮಾತುಗಳಿಗೆ ನಿಘಂಟು ಬೇಕಿಲ್ಲ. ಇನ್ನು ಸಂಗೀತದ ಮಾತು. ದೀಕ್ಷಿತರ ಕೃತಿ ಗುಡಿಯನ್ನು ಪ್ರದಕ್ಷಿಣೆ ಹಾಕುವಂತೆ ಚೌಕ ಕಾಲದಲ್ಲಿ, ನಿಧಾನದ ನಡೆಯಲ್ಲಿ, ಹೊರಡುತ್ತದೆ. ಮಂದ್ರಕ್ಕಿಳಿದು, ಮಧ್ಯಕ್ಕೆ ಬಂದು, ಮೆಲ್ಲಗೆ ತಾರಕ್ಕೇರುತ್ತದೆ. ಗರ್ಭಗುಡಿಯ ಬಾಗಿಲಲ್ಲಿ ಇದ್ದಕ್ಕಿದ್ದಂತೆ ಘಂಟೆ ಹೊಡೆದ ಹಾಗೆ ಮಧ್ಯಮಕಾಲ ಸಾಹಿತ್ಯ ಎರಡು ಪಟ್ಟು ವೇಗದಲ್ಲಿ ಮೊಳಗುತ್ತದೆ. ಈ ನಡಿಗೆ ಒಮ್ಮೆ ಒಗ್ಗಿದರೆ ಸಾಕು. ಕಷ್ಟವಾಗುವುದು ಐದು ನಿಮಿಷವೂ ಒಂದೆಡೆ ನಿಲ್ಲಲಾಗದ ನಮ್ಮ ಚಡಪಡಿಕೆಗೆ.

ಕಮಲಾಂಬಾ ನವಾವರಣ ಎಂದರೇನು?

ತಿರುವಾರೂರಿನ ಕಮಲಾಂಬೆಯ ಮೇಲಿನ ಕೃತಿಗುಚ್ಛ. ದೇವಿಯ ಯಂತ್ರವಾದ ಶ್ರೀಚಕ್ರದ ಒಂಬತ್ತು ಆವರಣಗಳಿಗೆ, ಅಂದರೆ ಸುತ್ತುಗಳಿಗೆ, ಒಂಬತ್ತು ಕೃತಿ, ಮೊದಲಿಗೆ ತೋಡಿಯಲ್ಲಿ ಧ್ಯಾನ, ಕೊನೆಗೆ ಶ್ರೀರಾಗದಲ್ಲಿ ಮಂಗಳ. ಒಟ್ಟು ಹನ್ನೊಂದು. ಹೊರಗಿನ ಚೌಕವಾದ ಭೂಪುರದಿಂದ ಹೊರಟು ನಡುವಿನ ಬಿಂದುವಿಗೆ ತಲುಪುವ ಪಯಣ.

ಶಾಲೆಯಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ವಿಭಕ್ತಿ ಪ್ರತ್ಯಯ ಉರು ಹೊಡೆದವರಿಗೆಲ್ಲ ಇದರ ವಿನ್ಯಾಸ ಕೂಡಲೇ ಹಿಡಿಯುತ್ತದೆ. ಮೊದಲ ಆವರಣ ಪ್ರಥಮಾ ವಿಭಕ್ತಿ: ಕಮಲಾಂಬೆಯು ನನ್ನನ್ನು ಕಾಯಲಿ, ಆನಂದಭೈರವಿ. ಎರಡನೆಯದು: ಕಮಲಾಂಬೆಯನ್ನು ಭಜಿಸು, ಕಲ್ಯಾಣಿ. ಮೂರನೆಯದು: ಕಮಲಾಂಬಿಕೆಯಿಂದ ಕಟಾಕ್ಷ ಪಡೆದವನು ನಾನು, ಶಂಕರಾಭರಣ. ಹೀಗೆ ಕಾಂಭೋಜಿ, ಭೈರವಿ, ಪುನ್ನಾಗವರಾಳಿ, ಸಹಾನ ದಾಟಿ ಎಂಟನೆಯದರಲ್ಲಿ, ಘಂಟಾ ರಾಗದಲ್ಲಿ, ‘ಶ್ರೀ ಕಮಲಾಂಬಿಕೇ’ ಎಂದು ನೇರವಾಗಿ ಕೂಗುತ್ತಾರೆ. ಒಂಬತ್ತನೆಯದು ಆಹಿರಿ, ಅಲ್ಲಿ ಎಲ್ಲ ವಿಭಕ್ತಿಗಳೂ ಒಂದೇ ಕೃತಿಯಲ್ಲಿ ಕೂಡುತ್ತವೆ. ವ್ಯಾಕರಣದ ಕೋಷ್ಟಕವನ್ನು ಉಪಾಸನೆಯ ಮೆಟ್ಟಿಲಾಗಿಸಿದ ಇನ್ನೊಬ್ಬ ವಾಗ್ಗೇಯಕಾರರನ್ನು ನಾನು ಕಾಣೆ. ಆಹಿರಿ ಹಾಡಿದವರಿಗೆ ಆ ದಿನ ಅನ್ನ ಹುಟ್ಟುವುದಿಲ್ಲ ಎಂಬ ಹಳೆಯ ಹೆದರಿಕೆಯಿದೆ. ನವಾವರಣದ ತುದಿಯಲ್ಲಿ, ಸರ್ವಾನಂದಮಯ ಚಕ್ರಕ್ಕೆ, ಅದೇ ರಾಗವನ್ನು ಇಟ್ಟ ದೀಕ್ಷಿತರಿಗೆ ಅಂಥ ಹೆದರಿಕೆ ಇರಲಿಲ್ಲವೆಂದು ಕಾಣುತ್ತದೆ.

ನವಗ್ರಹ ಕೃತಿಗಳು ಒಂಬತ್ತೋ ಏಳೋ?

ಹಾಡುವುದು ಒಂಬತ್ತು. ಆದರೆ ವಾರದ ಏಳು ದಿನಗಳ ಏಳು ಕೃತಿಗಳು ಸೂಳಾದಿ ಸಪ್ತ ತಾಳಗಳಲ್ಲಿ ಸಾಲಾಗಿ ಕೂತಿವೆ: ಸೂರ್ಯನಿಗೆ ಧ್ರುವ, ಚಂದ್ರನಿಗೆ ಮಠ್ಯ, ಮಂಗಳನಿಗೆ ರೂಪಕ, ಬುಧನಿಗೆ ಝಂಪೆ, ಗುರುವಿಗೆ ತ್ರಿಪುಟ, ಶುಕ್ರನಿಗೆ ಅಟ, ಶನಿಗೆ ಏಕ. ಏಳು ತಾಳ ಮುಗಿದ ಮೇಲೆ ರಾಹು ಕೇತುಗಳಿಗೆ ಜಾಗವಿಲ್ಲ. ದೀಕ್ಷಿತ ಪರಂಪರೆಯ ಮುಖ್ಯ ಗ್ರಂಥವಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲೂ ಈ ಏಳೇ ಇವೆ. ಕೊನೆಯ ಎರಡರ ಕರ್ತೃತ್ವವನ್ನು ವಿದ್ವಾಂಸರು ಶಂಕಿಸುವುದು ಇದಕ್ಕೇ. ನಾನೂ ಶಂಕಿಸುವವರ ಸಾಲಿನಲ್ಲಿದ್ದೇನೆ. ಅಠಾಣದ ‘ಬೃಹಸ್ಪತೇ’ಯನ್ನು ಹೊಟ್ಟೆನೋವಿನಿಂದ ನರಳುತ್ತಿದ್ದ ಶಿಷ್ಯ, ಮದ್ದಲೆ ವಾದಕ ತಂಬಿಯಪ್ಪನ ಸಲುವಾಗಿ ರಚಿಸಿದರೆಂದು ಹೇಳುತ್ತಾರೆ.

‘ಗಾಡ್ ಸೇವ್ ದಿ ಕಿಂಗ್’ ಮಟ್ಟಿಗೆ ಸಂಸ್ಕೃತ ಬರೆದರಂತೆ?

ಬರೆದರು. ‘ಸಂತತಂ ಪಾಹಿ ಮಾಂ’ ಅದೇ ಮಟ್ಟು. ಮಣಲಿಯಲ್ಲಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡ್ ಕಿವಿಗೆ ಬಿದ್ದದ್ದರ ಫಲ. ಇಂಥ ಮೂವತ್ತಕ್ಕೂ ಹೆಚ್ಚು ನೊಟ್ಟುಸ್ವರ ಸಾಹಿತ್ಯಗಳಿವೆ. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ, ಅಂದರೆ ಸ್ವರವನ್ನು ತೂಗಿಸದೆ, ಎಳೆಯದೆ. ಮಕ್ಕಳಿಗೆ ಕಲಿಸುವ ‘ಶಕ್ತಿ ಸಹಿತ ಗಣಪತಿಂ’ ಇವುಗಳಲ್ಲೊಂದು. ‘ಶ್ಯಾಮಳೇ ಮೀನಾಕ್ಷಿ’ಯ ಮಟ್ಟು ಕೇಳಿ ಶಿಶುವಿಹಾರದ ಮಕ್ಕಳು ನಕ್ಷತ್ರದ ಪದ್ಯ ಹೇಳತೊಡಗಿದರೆ ತಪ್ಪು ಅವರದಲ್ಲ, ಅದೇ ಫ್ರೆಂಚ್ ಮಟ್ಟು.

ಇದೇ ಮನೆಯ ಇನ್ನೊಂದು ಕೊಡುಗೆ ಇದಕ್ಕಿಂತ ದೊಡ್ಡದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ಶಿಕ್ಷಕರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು.

ಅವರ ರಾಗಗಳ ಹೆಸರುಗಳು ನಾವು ಕಲಿತ ಹೆಸರಿಗಿಂತ ಬೇರೆ ಏಕೆ?

ರಾಗಗಳನ್ನು ಸ್ವರಗಳ ಪ್ರಕಾರ ವಿಂಗಡಿಸುವ ಗುಂಪುಗಳೇ ಮೇಳಗಳು. ನಾವು ಕಲಿಯುವ ಕನಕಾಂಗಿ ಮೊದಲಾದ 72 ಮೇಳಗಳಲ್ಲಿ ಏಳೂ ಸ್ವರಗಳು ಕ್ರಮವಾಗಿ ಬರಬೇಕು. ದೀಕ್ಷಿತರು ಅನುಸರಿಸಿದ್ದು ಸಂಗೀತ ಶಾಸ್ತ್ರಕಾರ ವೆಂಕಟಮಖಿಯ ಪರಂಪರೆಯ ಅಸಂಪೂರ್ಣ ಮೇಳ ಪದ್ಧತಿ. ಅಲ್ಲಿ ಮೊದಲ ಮೇಳದ ಹೆಸರು ಕನಕಾಂಬರಿ. ಅಲ್ಲಿ ರಾಗದ ಸಹಜ ನಡೆಗೆ ಬೇಕಾದರೆ ಸ್ವರ ಬಿಡಬಹುದು, ವಕ್ರವಾಗಬಹುದು. ಒಂದು ಪದ್ಧತಿ ಕೋಷ್ಟಕವನ್ನು ಮೊದಲು ಬರೆದು ರಾಗವನ್ನು ಕೂರಿಸುತ್ತದೆ, ಇನ್ನೊಂದು ರಾಗ ನಡೆದಾಡಿದ ಜಾಡನ್ನು ಗುರುತು ಹಾಕಿಕೊಳ್ಳುತ್ತದೆ. ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತರು ತಂಜಾವೂರು ನಾಯಕರ ಮಂತ್ರಿ, ಕನ್ನಡ ಮೂಲದವರು.

ಅಮೃತವರ್ಷಿಣಿ ಹಾಡಿ ಮಳೆ ಸುರಿಸಿದ್ದು ನಿಜವೇ?

ತಮಿಳುನಾಡಿನ ದಕ್ಷಿಣದ ಎಟ್ಟಯಪುರಕ್ಕೆ ಹೋಗುವ ದಾರಿಯಲ್ಲಿ, ಸಾತ್ತೂರಿನ ಬಳಿ ಒಣಗಿದ ನೆಲ ನೋಡಿ ‘ಆನಂದಾಮೃತಾಕರ್ಷಿಣಿ’ ಹಾಡಿದರು, ಮಳೆ ಬಂತು ಎಂಬುದು ಐತಿಹ್ಯ. ಸಾಹಿತ್ಯದಲ್ಲಿ ‘ಸಲಿಲಂ ವರ್ಷಯ ವರ್ಷಯ ವರ್ಷಯ’ ಎಂದು ಮೂರು ಸಲ ಕೇಳಿಕೊಂಡಿರುವುದಂತೂ ಇದೆ. ತಮಗಾಗಿ ಏನನ್ನೂ ಬೇಡದವರು ಇನ್ನೊಬ್ಬರ ಹೊಲಕ್ಕಾಗಿ ಇಷ್ಟು ಒತ್ತಾಯ ಮಾಡಿದ್ದಾರೆ. ನನಗೆ ಮಳೆಗಿಂತ ಅದು ಮುಖ್ಯ.

ಬಡತನವಿತ್ತೇ? ಶಿಷ್ಯರು ಯಾರು?

ಬಡತನವಿತ್ತು. ತಿರುವಾರೂರಿನ ದೇವದಾಸಿ, ಶಿಷ್ಯೆ ಕಮಲಂ ಗುರುವಿನ ಮನೆಯ ಸ್ಥಿತಿ ನೋಡಿ ತನ್ನ ಒಡವೆ ಕೊಡಲು ಬಂದಾಗ ದೀಕ್ಷಿತರು ಒಪ್ಪದೆ ಲಲಿತ ರಾಗದಲ್ಲಿ ‘ಹಿರಣ್ಮಯೀಂ ಲಕ್ಷ್ಮೀಂ’ ಹಾಡಿದರೆಂಬ ಕಥೆಯಿದೆ. ‘ಹೀನ ಮಾನವಾಶ್ರಯಂ ತ್ಯಜಾಮಿ’ ಎಂದು ಅದರಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ.

ಶಿಷ್ಯರ ಪಟ್ಟಿಯನ್ನು ನೋಡಿ: ನಾಟ್ಯ ಬಲ್ಲ ಕಮಲಂ, ಮದ್ದಲೆಯ ತಂಬಿಯಪ್ಪ, ಭರತನಾಟ್ಯದ ‘ಮಾರ್ಗ’ವನ್ನು, ಅಂದರೆ ನೃತ್ಯ ಕಛೇರಿಯ ಕ್ರಮವನ್ನು, ರೂಪಿಸಿದ ತಂಜಾವೂರು ಸಹೋದರರಾದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ನಾಲ್ವರೂ ಗುರುವಿನ ಮೇಲೆ ನವರತ್ನಮಾಲೆ ಹೆಣೆದರು. ಚಿನ್ನಯ್ಯ ಮುಂದೆ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ದೀಕ್ಷಿತರನ್ನು ಪಂಡಿತರ ಸ್ವತ್ತೆಂದು ಬಿಂಬಿಸುವವರು ಈ ಹೆಸರುಗಳನ್ನು ಮರೆಯುತ್ತಾರೆ. ಅವರ ಸಂಗೀತವನ್ನು ಹೊತ್ತು ಉಳಿಸಿದವರಲ್ಲಿ ಗುಡಿಯ ನಾಗಸ್ವರದವರು, ನೃತ್ಯ ಕಲಿಸುವ ನಟ್ಟುವರು ದೊಡ್ಡ ಪಾಲುದಾರರು.

ಕೊನೆಯ ದಿನ ಏನಾಯಿತು?

1835ರ ಅಕ್ಟೋಬರ್ 21, ನರಕ ಚತುರ್ದಶಿ. ಎಟ್ಟಯಪುರದಲ್ಲಿ ಶಿಷ್ಯರನ್ನು ಹಾಡಲು ಹೇಳಿದರು. ಅವರು ಎತ್ತಿಕೊಂಡದ್ದು ಗಮಕಕ್ರಿಯದ ‘ಮೀನಾಕ್ಷಿ ಮೇ ಮುದಂ ದೇಹಿ’. ‘ಮೀನಲೋಚನಿ ಪಾಶಮೋಚನಿ’ ಎಂಬಲ್ಲಿಗೆ ಬಂದಾಗ ಉಸಿರು ನಿಂತಿತು ಎಂದು ಪರಂಪರೆ ಹೇಳುತ್ತದೆ. ಪಾಶವನ್ನು ಬಿಡಿಸುವವಳೇ ಎಂದು ಅರ್ಥ. ಸಮಾಧಿ ಅಲ್ಲಿಯೇ ಇದೆ.

ಕೃತಿಗಳು ಉಳಿದು ಬಂದದ್ದು ಹೇಗೆ?

ಬಾಲುಸ್ವಾಮಿಯ ಮೊಮ್ಮಗ, ದತ್ತು ಮಗನೂ ಆದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಿಂದ. ತೆಲುಗು ಲಿಪಿಯಲ್ಲಿರುವ ಆ ಬೃಹತ್ ಗ್ರಂಥದಲ್ಲಿ ದೀಕ್ಷಿತರ 229 ಕೃತಿಗಳು ಗಮಕದ ಚಿಹ್ನೆಗಳ ಸಮೇತ ಇವೆ. ಅವರ ಹೆಸರಿನಲ್ಲಿ ಓಡಾಡುವ ಕೃತಿಗಳು ಇದರ ಎರಡು ಪಟ್ಟು. ಉಳಿದವೆಲ್ಲ ಸುಳ್ಳೆಂದಲ್ಲ, ಆದರೆ ಸಂಶಯ ಬಂದಾಗ ಮೊದಲು ತೆರೆಯಬೇಕಾದ ಪುಸ್ತಕ ಇದು.

ಎಲ್ಲಿಂದ ಕೇಳಲು ಆರಂಭಿಸಲಿ?

ನವಾವರಣದಿಂದ ಬೇಡ. ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ರಂಗಪುರವಿಹಾರ’ದಿಂದ ಆರಂಭಿಸಿ. ಆಮೇಲೆ ಡಿ.ಕೆ. ಪಟ್ಟಮ್ಮಾಳ್ ಹಾಡಿದ್ದೇನಾದರೂ ಸಿಕ್ಕರೆ ಬಿಡಬೇಡಿ. ಅವರು ಸುಬ್ಬರಾಮ ದೀಕ್ಷಿತರ ಮಗ ಅಂಬಿ ದೀಕ್ಷಿತರಿಂದಲೇ ಪಾಠ ಹೇಳಿಸಿಕೊಂಡವರು. ವೀಣೆಯಲ್ಲಿ ಒಂದು ಕೃತಿಯನ್ನಾದರೂ ಕೇಳಿ, ಈ ಗಮಕಗಳು ಯಾವ ತಂತಿಯ ಮೇಲೆ ಹುಟ್ಟಿದವೆಂದು ಗೊತ್ತಾಗುತ್ತದೆ.

ಹಾಡುವವರಿಗೆ ಏನಾದರೂ ಎಚ್ಚರಿಕೆ?

ಪದಚ್ಛೇದ. ಭೈರವಿಯ ‘ಚಿಂತಯ ಮಾಕಂದ ಮೂಲ ಕಂದಂ’ ಕಂಚಿಯ ಪೃಥ್ವಿ ಲಿಂಗದ ಕೃತಿ. ಮಾಕಂದ ಎಂದರೆ ಮಾವಿನ ಮರ, ಏಕಾಮ್ರನಾಥನ ಮರ. ಆ ಮರದ ಬುಡದಲ್ಲಿರುವ ಶಿವನನ್ನು ಚಿಂತಿಸು ಎಂದು ದೀಕ್ಷಿತರು ಹೇಳಿದರೆ ನಮ್ಮಲ್ಲಿ ಅನೇಕರು ‘ಚಿಂತಯ ಮಾ’ ಎಂದು ಎಳೆದು, ಉಸಿರು ತೆಗೆದುಕೊಂಡು, ಆಮೇಲೆ ‘ಕಂದ’ ಎನ್ನುತ್ತಾರೆ. ಸಂಸ್ಕೃತದಲ್ಲಿ ‘ಮಾ’ ಎಂದರೆ ಬೇಡ. ಅಷ್ಟು ಸೊಗಸಾದ ಭೈರವಿಯಲ್ಲಿ, ಕಣ್ಣು ಮುಚ್ಚಿ, ಚಿಂತಿಸಬೇಡ ಎಂದು ಹಾಡಿದಂತಾಗುತ್ತದೆ.